ಜಗತ್ತಿನ ದೊಡ್ಡ ಬಟ್ಟೆ ಕಂಪನಿಗಳಲ್ಲಿ ಯಾವುದನ್ನು ನೋಡಿ ತೀರ್ಥಹಳ್ಳಿಯಲ್ಲಿ ರೆಡಿಮೇಡ್ ಅಂಗಡಿ ಹಾಕಲಿ?

ನಿಮ್ಮ ಹಾಗೇ ಜಾರಾ, ಯುನಿಕ್ಲೋ, ಎಚ್ ಅಂಡ್ ಎಂ ಬಗ್ಗೆ ಸಿಕ್ಕಿದ್ದೆಲ್ಲ ಓದಿಯೇ ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹೆಂಗಸರ ರೆಡಿಮೇಡ್ ಅಂಗಡಿ ತೆರೆದಿದ್ದು. ಓದಿದ್ದರಿಂದ ಏನೂ ಹಾಳಾಗಲಿಲ್ಲ. ಆದರೆ ಅಷ್ಟು ಓದಿದರೂ ನನ್ನ ಕಣ್ಣಿಗೆ ಬಿದ್ದದ್ದು ಅವರ ಗಾತ್ರ ಮಾತ್ರ. ದೊಡ್ಡವರು ರಾಶಿ ಮಾಲು ಎತ್ತುತ್ತಾರೆ, ಅದಕ್ಕೇ ಅಗ್ಗಕ್ಕೆ ಸಿಗುತ್ತದೆ, ಅದಕ್ಕೇ ಬೆಳೆಯುತ್ತಾರೆ ಅಂತ ನಂಬಿಬಿಟ್ಟೆ.

ಮದುವೆ ಸೀಸನ್‌ಗೆ ಮುಂಚೆ ಬೆಂಗಳೂರಿನ ಚಿಕ್ಕಪೇಟೆಗೆ ಹೋದೆ. ಮನೆಯಲ್ಲಿ ಅಡಿಕೆ ಮಾರಿದ ದುಡ್ಡಿತ್ತು. 500 ರೂಪಾಯಿಯ ಕುರ್ತಾಗೆ, ನಾಲ್ಕು ಪಟ್ಟು ಮಾಲು ಎತ್ತಿದರೆ ಪೀಸಿಗೆ 40 ರೂಪಾಯಿ ಬಿಡುತ್ತೇನೆ ಅಂದರು ಹೋಲ್‌ಸೇಲ್ ವ್ಯಾಪಾರಿ. ಎತ್ತಿದೆ.

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಹೋಲ್‌ಸೇಲ್‌ನಲ್ಲಿ ಮಾಲು ಬರುವುದು ಸೆಟ್ ಲೆಕ್ಕದಲ್ಲಿ. ಒಂದು ಬಣ್ಣ, ಒಂದು ಡಿಸೈನು, ಅದರಲ್ಲಿ ಎಂ, ಎಲ್, ಎಕ್ಸೆಲ್, ಡಬಲ್ ಎಕ್ಸೆಲ್ ಒಂದೊಂದು. ನಿಮಗೆ ಬರೀ ಎಲ್ ಬೇಕು ಅಂದರೆ ಕೊಡುವುದಿಲ್ಲ. ನನ್ನ ಅಂಗಡಿಯಲ್ಲಿ ಎಲ್ ಮತ್ತು ಎಕ್ಸೆಲ್ ಬೇಗ ಖಾಲಿಯಾದವು. ಎರಡು ತುದಿಯ ಸೈಜುಗಳು ಉಳಿದವು. ಇದಕ್ಕೆ ವ್ಯಾಪಾರದಲ್ಲಿ ಕಟ್ ಸೈಜ್ ಅಂತಾರೆ. ಗಿರಾಕಿ ಬರುತ್ತಾರೆ, ಹಸಿರು ಕುರ್ತಾ ಮೈಮೇಲೆ ಹಿಡಿದು ಕನ್ನಡಿ ನೋಡುತ್ತಾರೆ, "ಇದೇ ಬಣ್ಣದಲ್ಲಿ ಎಲ್ ಇಲ್ವಾ?" ಅಂತಾರೆ. ಇಲ್ಲ ಅಂದ ತಕ್ಷಣ ಮೆಟ್ಟಿಲು ಇಳಿದು ಪಕ್ಕದ ಅಂಗಡಿಗೆ ಹೋಗುತ್ತಾರೆ. ದುರ್ಗಿಗುಡಿಯಲ್ಲಿ ಪಕ್ಕದ ಅಂಗಡಿಯೂ ಬಟ್ಟೆಯದ್ದೇ ಅಲ್ವಾ!

ಲೆಕ್ಕ ನೋಡಿ. ಪೀಸಿಗೆ 40 ಅಂದರೆ ನಾಲ್ಕು ಪೀಸಿನ ಸೆಟ್‌ಗೆ ಉಳಿದದ್ದು 160 ರೂಪಾಯಿ. ಅದೇ ಸೆಟ್‌ನಲ್ಲಿ ಒಂದೇ ಒಂದು ಕುರ್ತಾ ಮಾರಾಟವಾಗದಿದ್ದರೆ ಹೋದದ್ದು 460. ಹತ್ತಿರ ಹತ್ತಿರ ಮೂರು ಸೆಟ್‌ಗಳ ರಿಯಾಯಿತಿಯನ್ನು ಒಂದು ಪೀಸ್ ನುಂಗಿತು. ನನ್ನಲ್ಲಿ ಉಳಿದದ್ದು ಸೆಟ್‌ಗೆ ಒಂದಲ್ಲ, ಎರಡು. ಈ ಲೆಕ್ಕ ಹಾಕಲು ಒಂದು ಚೀಟಿ ಸಾಕಿತ್ತು. ಚಿಕ್ಕಪೇಟೆಯಲ್ಲಿ ಕೂತು ಕೂಡಿದ್ದು ಬರೀ ಲಾಭದ ಕಡೆಯನ್ನು.

ಆಮೇಲೆ ಜೂನ್ ಬಂತು. ಆಷಾಢದಲ್ಲಿ ಮದುವೆ ಇಲ್ಲ, ಮಲೆನಾಡಿನ ಮಳೆಗೆ ಬಿಸಿಲೂ ಇಲ್ಲ. ಅಟ್ಟದ ಮೇಲಿಟ್ಟ ಕಟ್ಟು ಬಿಚ್ಚಿದರೆ ತಿಳಿ ಬಣ್ಣದ ಕುರ್ತಾಗಳ ಮಡಿಕೆಯುದ್ದಕ್ಕೂ ಬೂಸ್ಟಿನ ಚುಕ್ಕೆ. ಬೂದಿ ಬಣ್ಣ, ಸಾಸಿವೆಯಷ್ಟು ಸಣ್ಣವು, ಒಗೆದರೂ ಪೂರ್ತಿ ಹೋಗುವುದಿಲ್ಲ. ಅರ್ಧ ಬೆಲೆಗೆ ಇಟ್ಟೆ, ಆದರೂ ಹೋಗಲಿಲ್ಲ. ದೀಪಾವಳಿಗೆ ಹೊಸ ಮಾಲು ತರಲು ದುಡ್ಡಿಲ್ಲ. ಅಂಗಡಿ ತುಂಬಿದೆ, ಗಲ್ಲಾ ಖಾಲಿ. ಬಾಗಿಲು ಹಾಕಿದೆ.

ಮತ್ತೆ ಜಾರಾ ಬಗ್ಗೆ ಓದಿದಾಗ ಅದೇ ವಿಷಯ ಬೇರೆಯಾಗಿ ಕಂಡಿತು. ಅಮಾನ್ಸಿಯೋ ಒರ್ಟೆಗಾ ಮೊದಲ ಜಾರಾ ಅಂಗಡಿ ತೆರೆದದ್ದು 1975ರಲ್ಲಿ, ಸ್ಪೇನ್‌ನ ಲಾ ಕೊರುನ್ಯಾದಲ್ಲಿ. ಜಾರಾ ಸೇರಿರುವ ಅವರ ಇಂಡಿಟೆಕ್ಸ್ ಕಂಪನಿಯ 2024ರ ಮಾರಾಟ ಸುಮಾರು 3,860 ಕೋಟಿ ಯೂರೋ. ಇಷ್ಟು ದೊಡ್ಡವರು ಇಡೀ ಸೀಸನ್‌ನ ಮಾಲನ್ನು ಮೊದಲೇ ಹೊಲಿಸಿ ಇಡುವುದಿಲ್ಲ. ಸ್ವಲ್ಪ ಮಾಡಿ ಅಂಗಡಿಗೆ ಕಳಿಸುತ್ತಾರೆ, ಏನು ಓಡುತ್ತದೆ ಅಂತ ನೋಡುತ್ತಾರೆ, ಕೆಲವೇ ವಾರಗಳಲ್ಲಿ ಮುಂದಿನದ್ದು ತರುತ್ತಾರೆ. ಅಂಗಡಿಗಳಿಗೆ ವಾರಕ್ಕೆ ಎರಡು ಸಲ ಮಾಲು ಹೋಗುತ್ತದೆ. ಇದಕ್ಕಾಗಿಯೇ ಫ್ಯಾಷನ್ ಬಟ್ಟೆಯ ದೊಡ್ಡ ಪಾಲನ್ನು ಸ್ಪೇನ್, ಪೋರ್ಚುಗಲ್, ಮೊರಾಕ್ಕೊ, ಟರ್ಕಿಯಂಥ ಹತ್ತಿರದ ಜಾಗಗಳಲ್ಲಿ ಹೊಲಿಸುತ್ತಾರೆ. ದೂರದ ಏಷ್ಯಾದಲ್ಲಿ ಹೊಲಿಸಿದರೆ ಪೀಸಿಗೆ ಕಡಿಮೆ ಬೀಳುತ್ತದೆ. ಗೊತ್ತಿದ್ದೂ ಜಾಸ್ತಿ ಕೊಡುತ್ತಾರೆ. ನಾನು 40 ರೂಪಾಯಿ ಆಸೆಗೆ ಮಾಡಿದ್ದಕ್ಕೆ ಇದು ಪೂರ್ತಿ ಉಲ್ಟಾ.

ದೊಡ್ಡವರೂ ಇಲ್ಲಿ ಎಡವುತ್ತಾರೆ. 1947ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಎಚ್ ಅಂಡ್ ಎಂ ಬಳಿ 2018ರ ಆರಂಭದಲ್ಲಿ ಮಾರಾಟವಾಗದೆ ಬಿದ್ದಿದ್ದ ಬಟ್ಟೆಯ ಮೌಲ್ಯ ಸುಮಾರು 430 ಕೋಟಿ ಡಾಲರ್. ಅವರು ತಡೆದುಕೊಂಡರು. ನೀವು ನಾನು ತಡೆದುಕೊಳ್ಳುವುದಿಲ್ಲ.

"ಅತಿ ದೊಡ್ಡದು ಯಾವುದು" ಅಂತಲೂ ಕೇಳಿದ್ದೀರಿ. ಲೂಯಿ ವಿಟಾನ್ ಬ್ರಾಂಡಿನ ಫ್ರಾನ್ಸ್ ಕಂಪನಿ ಎಲ್‌ವಿಎಂಎಚ್‌ನ ಮಾರಾಟ 2023ರಲ್ಲಿ 8,600 ಕೋಟಿ ಯೂರೋ ದಾಟಿತು, ಆದರೆ ಅದರಲ್ಲಿ ವೈನು, ಸೆಂಟು, ವಾಚು ಎಲ್ಲ ಸೇರಿದೆ. ನೈಕಿಯೂ ದೊಡ್ಡದೇ, ಆದರೆ ಅದರ ಶೂ, ಬಟ್ಟೆಗಳನ್ನು ತಯಾರಿಸುವುದು ಬೇರೆಯವರ ಫ್ಯಾಕ್ಟರಿಗಳು. ಈ ಪಟ್ಟಿ ಬಾಯಿಪಾಠ ಮಾಡಿದರೂ ನಿಮ್ಮ ಅಂಗಡಿಗೆ ಒಂದು ಕುರ್ತಾ ಜಾಸ್ತಿ ಮಾರಾಟವಾಗುವುದಿಲ್ಲ. ಯಾರನ್ನು ನೋಡಿ ಅಂಗಡಿ ಹಾಕಲಿ ಅನ್ನುವ ಪ್ರಶ್ನೆಯನ್ನೇ ಬಿಡಿ.

ಜಾರಾದಿಂದ ಒಂದು ಅಭ್ಯಾಸ ಮಾತ್ರ ತಗೊಳ್ಳಿ. ಅಲ್ಲಿ ಗಿರಾಕಿಗಳು ಏನು ಕೇಳಿದರು ಅನ್ನುವುದನ್ನು ಅಂಗಡಿಯ ಮ್ಯಾನೇಜರುಗಳು ಕಂಪನಿಗೆ ತಿಳಿಸುತ್ತಲೇ ಇರುತ್ತಾರೆ. ಈಗ ಜೈಲ್ ರಸ್ತೆಯಲ್ಲಿರುವ ನನ್ನ ಸಣ್ಣ ಅಂಗಡಿಯಲ್ಲಿ ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇದೆ. ಮಾರಿದ್ದು ಬಿಲ್‌ನಲ್ಲಿ ಸಿಗುತ್ತದೆ. ನೋಟ್‌ಬುಕ್‌ನಲ್ಲಿ ಬರೆಯುವುದು "ಇಲ್ಲ" ಅಂತ ಹೇಳಿ ಕಳಿಸಿದ್ದನ್ನು: ಬಣ್ಣ, ಸೈಜು, ಎಷ್ಟರೊಳಗೆ ಬೇಕಿತ್ತು. ಮುಂದಿನ ಖರೀದಿ ಆ ಪುಟ ನೋಡಿಯೇ.

ತೀರ್ಥಹಳ್ಳಿಯಲ್ಲೇ ಹಾಕುವುದಾದರೆ ಶಾಲೆ ಸಮವಸ್ತ್ರದಿಂದ ಶುರು ಮಾಡಿ. ಯಾವ ಬಣ್ಣ, ಎಷ್ಟು ಮಕ್ಕಳು ಅನ್ನುವುದು ಮೇ ತಿಂಗಳಲ್ಲೇ ಗೊತ್ತಾಗುತ್ತದೆ. ಉಳಿದದ್ದು ಮುಂದಿನ ವರ್ಷಕ್ಕೂ ಆಗುತ್ತದೆ. ಫ್ಯಾಷನ್ ಮಾಲು ಸ್ವಲ್ಪ ಸ್ವಲ್ಪವೇ ತನ್ನಿ, ಅಡಿಕೆ ದುಡ್ಡು ಊರಿಗೆ ಬಂದ ಮೇಲೆ. ಮಳೆಗಾಲಕ್ಕೆ ತಿಳಿ ಬಣ್ಣದ ಹತ್ತಿ ಬಟ್ಟೆ ಜಾಸ್ತಿ ಇಟ್ಟುಕೊಳ್ಳಬೇಡಿ. ಹೋಲ್‌ಸೇಲ್‌ನವರಿಗೆ ಅಡ್ವಾನ್ಸ್ ಕೊಡುವ ಮುಂಚೆ, ಕಟ್ ಸೈಜ್ ವಾಪಸ್ ತಗೊಂಡು ಬೇರೆ ಸೈಜ್ ಕೊಡುತ್ತೀರಾ ಅಂತ ಕೇಳಿ. ಹೂಂ ಅಂದರೆ ಬಿಲ್ ಮೇಲೆ ಬರೆಸಿಕೊಳ್ಳಿ. ಒಪ್ಪದಿದ್ದರೆ ಎಷ್ಟೇ ರಿಯಾಯಿತಿ ಹೇಳಿದರೂ ಎದ್ದು ಮುಂದಿನ ಅಂಗಡಿಗೆ ಹೋಗಿ. ಚಿಕ್ಕಪೇಟೆಯಲ್ಲಿ ಅಂಗಡಿಗಳಿಗೇನು ಬರವಿಲ್ಲ.