ಕಾರ್ಡ್ ಬಂತು, ಮರುದಿನವೇ ಏಜೆಂಟರ ಫೋನ್

ಬೆಟಗೇರಿಯಿಂದ ಒಬ್ಬ ತಂಗಿ ಬರೆದಿದ್ದಾರೆ. ವಯಸ್ಸು 27, ನರ್ಸ್ ಕೆಲಸಕ್ಕೆ ಸೇರಿ ಐದು ವರ್ಷ. ಕುವೈತಿನ ಆಸ್ಪತ್ರೆಯಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಏಜೆಂಟರೊಬ್ಬರು ನಾಲ್ಕೂವರೆ ಲಕ್ಷ ಕೇಳಿದ್ದಾರೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಉಳಿದದ್ದು ಅಲ್ಲಿ ನೋಡೋಣ ಅಂದಿದ್ದಾರೆ. ಅಪ್ಪ ಮನೆ ಪತ್ರ ಅಡವಿಡಲು ತಯಾರು. ಅವ್ವನಿಗೆ ಸಕ್ಕರೆ ಕಾಯಿಲೆ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ತಟ್ಟೆಯಿಂದ ಎತ್ತಿದ ವಾಗ್ದಾನದ ಕಾರ್ಡಿನಲ್ಲಿ (ಬೈಬಲಿನ ಒಂದು ವಚನ ಬರೆದ ಚೀಟಿ) ಯೆರೆಮೀಯ 29:11 ಬಂತಂತೆ: ನಿಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದೇನೆ, ಒಳ್ಳೆಯ ಭವಿಷ್ಯ ಕೊಡುತ್ತೇನೆ ಅನ್ನುವ ದೇವರ ಮಾತು. ಮರುದಿನವೇ ಏಜೆಂಟರ ಫೋನ್. "ಇದು ದೇವರ ಚಿತ್ತ ಅಲ್ಲದೆ ಇನ್ನೇನು ಸರ್? ಆದರೂ ರಾತ್ರಿ ನಿದ್ದೆ ಬರ್ತಿಲ್ಲ, ನನ್ನ ನಂಬಿಕೆಯೇ ಕಡಿಮೆಯಾ?" ಎಂದು ಕೇಳಿದ್ದಾರೆ.

ತಂಗಿ, ಕೊನೆಯ ಸಾಲಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಇರುವ ಒಂದು ಮನೆಯನ್ನು ಅಡವಿಡುವ ಮಾತು ನಡೆಯುತ್ತಿರುವಾಗ ನಿದ್ದೆ ಬರದಿದ್ದರೆ ಅದಕ್ಕೂ ನಂಬಿಕೆಗೂ ಸಂಬಂಧವಿಲ್ಲ. ನಿಮಗೆ ಬುದ್ಧಿ ನೆಟ್ಟಗಿದೆ ಅಂತ ಅರ್ಥ.

ಇನ್ನು ಆ ಕಾರ್ಡ್. ನಾನು ಅದನ್ನು ನೋಡಿ ನಗುವವನಲ್ಲ. ನನ್ನ ಬೈಬಲಿನ ಹಾಳೆಗಳ ನಡುವೆಯೂ ಹತ್ತಾರು ಹಳೇ ಕಾರ್ಡುಗಳಿವೆ. ಎಸ್ಎಸ್ಎಲ್‌ಸಿ ರಿಸಲ್ಟ್ ಬರುವ ಮುಂಚೆ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟು ನೋಡಿದವನು ನಾನು. ವಂಶಾವಳಿ ಬಂದಿತ್ತು. ಕಷ್ಟದ ವರ್ಷದಲ್ಲಿ ಅಂಥ ಒಂದು ವಚನ ಕೈ ಹಿಡಿದು ನಡೆಸುತ್ತದೆ, ನಿಜ. ಆದರೆ ಅದೇ ರಾತ್ರಿ ನಿಮ್ಮ ಪಕ್ಕದಲ್ಲಿದ್ದವರೂ ಅದೇ ತಟ್ಟೆಗೆ ಕೈ ಹಾಕಿದ್ದಾರೆ, ಅಲ್ವಾ? ಅವರಲ್ಲಿ ಯಾರಿಗಾದರೂ ಇದೇ ವಚನ ಬಂದಿದ್ದರೆ ಅವರೂ ಕುವೈತಿಗೆ ಹೊರಡಬೇಕೇ?

ಆ ಅಧ್ಯಾಯವನ್ನು ಮೊದಲಿನಿಂದ ಒಮ್ಮೆ ಓದಿ. ಅದೊಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ಯೆರೂಸಲೇಮಿನ ಜನರನ್ನು ಸೆರೆ ಒಯ್ದ ಮೇಲೆ, ಅಲ್ಲಿದ್ದವರಿಗೆ ಯೆರೆಮೀಯ ಬರೆದದ್ದು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಹನನ್ಯನೆಂಬ ಪ್ರವಾದಿ ಜನರಿಗೆ ಸಿಹಿ ಮಾತು ಹೇಳುತ್ತಿದ್ದ. ಯೆರೆಮೀಯ ಹೇಳಿದ್ದು ಎಪ್ಪತ್ತು ವರ್ಷ. ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿನ ಹಿತಕ್ಕಾಗಿ ಪ್ರಾರ್ಥಿಸಿ ಅಂತ. ಆ ಪತ್ರ ಕೇಳಿದ ಬಹುಪಾಲು ಜನ ತಿರುಗಿ ತಮ್ಮೂರು ನೋಡಲೇ ಇಲ್ಲ. ಹನ್ನೊಂದನೇ ವಚನ ಬರುವುದು ಇದೆಲ್ಲ ಆದ ಮೇಲೆ. ಕಾರ್ಡಿನಲ್ಲಿ ಅಷ್ಟು ಜಾಗ ಇರುವುದಿಲ್ಲ, ಪಾಪ.

ನಾವು ಪ್ರೊಟೆಸ್ಟಂಟರು ಲೊಯೋಲಾದ ಇಗ್ನೇಷಿಯಸರ ಹೆಸರನ್ನು ಜಾಸ್ತಿ ಎತ್ತುವುದಿಲ್ಲ. ಮಂಗಳೂರಿನಲ್ಲಿ 1880ರಲ್ಲಿ ಅಲೋಶಿಯಸ್ ಕಾಲೇಜು ಕಟ್ಟಿದ ಜೆಸ್ವಿಟರೆಂಬ ಕ್ಯಾಥೊಲಿಕ್ ಸಂಘದ ಮೂಲಪುರುಷ ಅವರು. 1522ರಲ್ಲಿ, ದೇವರ ಕಡೆ ತಿರುಗಿದ ಹೊಸದರಲ್ಲಿ, ಸ್ಪೇನಿನ ದಾರಿಯೊಂದರಲ್ಲಿ ಹೇಸರಗತ್ತೆ ಹತ್ತಿ ಹೋಗುತ್ತಿದ್ದರು. ಜೊತೆಗೆ ಸಿಕ್ಕ ಒಬ್ಬ ಮುಸ್ಲಿಂ ಪ್ರಯಾಣಿಕ ಯೇಸುವಿನ ತಾಯಿ ಮರಿಯಳ ಬಗ್ಗೆ ಹಗುರವಾಗಿ ಮಾತಾಡಿ ಮುಂದೆ ಹೋದ ಅಂತ ಇವರಿಗೆ ಸಿಟ್ಟು. ಬೆನ್ನಟ್ಟಿ ಇರಿಯಬೇಕೇ, ಬಿಡಬೇಕೇ? ತೋಚಲಿಲ್ಲ. ದಾರಿ ಕವಲೊಡೆಯುವಲ್ಲಿ ಲಗಾಮು ಸಡಿಲ ಬಿಟ್ಟರು. ಹೇಸರಗತ್ತೆ ಅವನು ಹೋದ ಊರಿನ ದಾರಿ ಬಿಟ್ಟು ಹೆದ್ದಾರಿ ಹಿಡಿಯಿತು. ಒಂದು ಜೀವ ಉಳಿಯಿತು.

ಮುಂದೆ ಇದೇ ಮನುಷ್ಯ, ದೇವರ ಚಿತ್ತ ತಿಳಿಯುವುದು ಹೇಗೆ ಅಂತ ಬೇರೆಯವರಿಗೆ ಕಲಿಸಿದರು. ಆಗ ಲಗಾಮು ಬಿಡಿ ಅನ್ನಲಿಲ್ಲ. ಮನಸ್ಸು ಕುಗ್ಗಿರುವಾಗ ಹಿಂದಿನ ತೀರ್ಮಾನ ಬದಲಿಸಬೇಡಿ ಅಂದರು. ಇನ್ನೊಂದು ಉಪಾಯ ಕೊಟ್ಟರು, ನಿಮಗೆ ಅದೇ ಸಾಕು: ಗುರುತೇ ಇಲ್ಲದ, ಆದರೆ ಒಳ್ಳೆಯದಾಗಲಿ ಅಂತ ನೀವು ಬಯಸುವ ಒಬ್ಬರು ನಿಮ್ಮದೇ ಪ್ರಶ್ನೆ ತಂದರೆ ಏನು ಹೇಳುತ್ತೀರಿ? ಅದನ್ನೇ ನೀವೂ ಮಾಡಿ. ನಿಮ್ಮ ವಾರ್ಡಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಈ ಏಜೆಂಟರ ಮಾತನ್ನು ತಂದು ನಿಮ್ಮ ಮುಂದಿಟ್ಟಳು ಅಂದುಕೊಳ್ಳಿ. ವಿಸಿಟ್ ವೀಸಾ, ಮನೆ ಪತ್ರ, ನಾಲ್ಕೂವರೆ ಲಕ್ಷ. ಪ್ರಾರ್ಥನೆ ಮಾಡಿ ಹೋಗು ಅನ್ನುತ್ತೀರಾ?

ಈಗ ಲೆಕ್ಕಕ್ಕೆ ಬರೋಣ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಅಂತ ಲೂಕ 14ರಲ್ಲಿ ಯೇಸು ಕೇಳುತ್ತಾರೆ. ಅದು ತಮ್ಮನ್ನು ಹಿಂಬಾಲಿಸುವ ವಿಷಯಕ್ಕೆ ಹೇಳಿದ ಮಾತು. ತಮ್ಮ ಹಿಂದೆ ಬರಲಿಕ್ಕೇ ಲೆಕ್ಕ ಹಾಕು ಅಂದವರು ಕುವೈತಿಗೆ ಲೆಕ್ಕ ಬೇಡ ಅನ್ನುತ್ತಾರೆಯೇ?

ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು ಕೇಂದ್ರ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಅವರು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಕುವೈತ್ ಸೇರಿ 18 ದೇಶಗಳಿಗೆ ನರ್ಸ್ ಆಗಿ ಹೋಗುವವರಿಗೆ 2015ರಿಂದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರಡುವ ಮುಂಚೆ ಸರ್ಕಾರದ ಅನುಮತಿ, ಕಡ್ಡಾಯ. ವಿಸಿಟ್ ವೀಸಾ ಅನ್ನುವುದು ಅದನ್ನು ತಪ್ಪಿಸುವ ಹಿಂಬಾಗಿಲು. ನಾಳೆ ಅಲ್ಲಿ ಸಂಬಳ ಕೊಡದಿದ್ದರೆ, ಪಾಸ್‌ಪೋರ್ಟ್ ಕಿತ್ತುಕೊಂಡರೆ, ಕೈಯಲ್ಲಿ ತೋರಿಸಲು ಕಾಗದವೇ ಇರುವುದಿಲ್ಲ. ಇದಕ್ಕೆ ದರ್ಶನ ಬೇಕಿಲ್ಲ ತಂಗಿ, ಈ ಏಜೆಂಟರಿಗೆ ಬೇಡ ಅನ್ನಿ.

ವಿದೇಶಕ್ಕೇ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಐದು ವರ್ಷದ ಅನುಭವ ಚಿಕ್ಕದಲ್ಲ, ಸರಿಯಾದ ದಾರಿಯಲ್ಲಿ ಹೋಗುವ ನರ್ಸುಗಳು ಎಷ್ಟೋ ಜನ ಇದ್ದಾರೆ. ಅಂಥ ಒಬ್ಬರ ಹತ್ತಿರ ಮಾತಾಡಿ. ಸಭಾಪಾಲಕರನ್ನು ಕೇಳಿ, ಆದರೆ ಅವರೊಬ್ಬರನ್ನೇ ಕೇಳಬೇಡಿ. ಅವ್ವನನ್ನೂ ಕೂರಿಸಿಕೊಂಡು ಕೇಳಿ. ಇಡೀ ಪತ್ರದಲ್ಲಿ ಅವರ ಕಾಯಿಲೆ ಇದೆ, ಅವರ ಅಭಿಪ್ರಾಯ ಎಲ್ಲೂ ಇಲ್ಲ.

ಅಪ್ಪ ಬ್ಯಾಂಕಿಗೆ ಹೋಗುವ ಮುಂಚೆ ಒಂದು ಫೋನ್ ಮಾಡಿ. ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅದು ಇದೆಯೇ ನೋಡಿ. ಅವರು ಏನಂದರು ಅಂತ ನಮಗೂ ಒಂದು ಸಾಲು ಬರೆಯಿರಿ.

- ಸಂಪಾದಕ