ಓದುಗರ ಪ್ರಶ್ನೆ, ನಮ್ಮ ಉತ್ತರ: ಆಟವಿಲ್ಲದ ತಿಂಗಳುಗಳಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ ಭವಿಷ್ಯ

ಪ್ರಶ್ನೆ: ನನ್ನ ಮಗಳ ಸಂಸಾರ ಸಿಯಾಟಲ್‌ನಲ್ಲಿದೆ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಸೀಹಾಕ್ಸ್, 2025ರ ಮಾರ್ಚ್‌ನಲ್ಲಿ ಚೆನ್ನಾಗಿಯೇ ಆಡುತ್ತಿದ್ದ ಜೀನೋ ಸ್ಮಿತ್ ಅವರನ್ನು ಬೇರೆ ತಂಡಕ್ಕೆ ಕೊಟ್ಟು ಸ್ಯಾಮ್ ಡಾರ್ನಲ್ಡ್ ಅವರನ್ನು ತಂದಾಗ ನಮ್ಮ ಅಳಿಯಂದಿರು ಬಹಳ ಬೇಸರ ಮಾಡಿಕೊಂಡಿದ್ದರು. ಪಂದ್ಯಗಳೇ ನಡೆಯದ ಕಾಲದಲ್ಲಿ ಇಷ್ಟೊಂದು ಅದಲುಬದಲು ಏಕೆ? — ಧಾರವಾಡದ ಓದುಗರೊಬ್ಬರು

ಉತ್ತರ: ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ತಂಡ ದಾಳಿಗಿಳಿದಾಗ ಚೆಂಡನ್ನು ಮೊದಲು ಕೈಗೆ ಪಡೆದು, ಅದನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂದು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸುವವರೇ ಕ್ವಾರ್ಟರ್‌ಬ್ಯಾಕ್. ಉಳಿದ ಎಷ್ಟೋ ಸ್ಥಾನಗಳಲ್ಲಿ ಆಟಗಾರರನ್ನು ಸರದಿಯ ಮೇಲೆ ಇಳಿಸುತ್ತಾರೆ. ಈ ಸ್ಥಾನದಲ್ಲಿ ಮಾತ್ರ ಗಾಯವಾಗದಿದ್ದರೆ, ಆಟ ತೀರಾ ಕೆಡದಿದ್ದರೆ, ಋತುವಿಡೀ ಒಬ್ಬರೇ ಆಡುತ್ತಾರೆ. ಅಂದರೆ ಇಡೀ ಲೀಗ್‌ನಲ್ಲಿ ಈ ಕೆಲಸಕ್ಕಿರುವುದು 32 ಜಾಗ. ಒಂದು ಜಾಗ ತೆರವಾದರೂ ತುಂಬಿದರೂ ಅದರ ಪರಿಣಾಮ ಇನ್ನೆರಡು ಊರುಗಳಲ್ಲಿ ಕಾಣುತ್ತದೆ.

ಋತು ಫೆಬ್ರುವರಿಯ ಸೂಪರ್ ಬೌಲ್, ಅಂದರೆ ಫೈನಲ್ ಪಂದ್ಯದೊಂದಿಗೆ ಮುಗಿಯುತ್ತದೆ. ಮಾರ್ಚ್ ಮಧ್ಯದಲ್ಲಿ, ನ್ಯೂಯಾರ್ಕ್ ಸಮಯ ಸಂಜೆ ನಾಲ್ಕಕ್ಕೆ ಲೀಗ್‌ನ ಹೊಸ ವರ್ಷ ಆರಂಭವಾಗುವುದರಿಂದ, ಆ ವರ್ಷಕ್ಕೆ ಮುಗಿಯಬೇಕಾದ ಒಪ್ಪಂದಗಳೆಲ್ಲ ಆ ಗಳಿಗೆಗೆ ಮುಗಿಯುತ್ತವೆ. ಏಪ್ರಿಲ್ ಕೊನೆಯಲ್ಲಿ ಕಾಲೇಜು ಆಟಗಾರರ ಆಯ್ಕೆ, ಅಂದರೆ ಡ್ರಾಫ್ಟ್, ನಡೆಯುತ್ತದೆ. ಈ ಎರಡು ದಿನಾಂಕಗಳ ನಡುವಿನ ಆರು ವಾರಗಳಲ್ಲಿ ಹೆಚ್ಚಿನವರ ಹಣೆಬರಹ ನಿರ್ಧಾರವಾಗುತ್ತದೆ.

ಸಿಯಾಟಲ್‌ನ ವಿಷಯಕ್ಕೆ ಬರೋಣ. ಸ್ಮಿತ್ ಅವರಿಗೆ ಆಗ 34 ವರ್ಷ, ಒಪ್ಪಂದದಲ್ಲಿ ಒಂದು ವರ್ಷ ಬಾಕಿಯಿತ್ತು, ಅದನ್ನು ವಿಸ್ತರಿಸುವ ಮಾತುಕತೆ ಕುದುರಲಿಲ್ಲ. ತಂಡ ಡ್ರಾಫ್ಟ್‌ನ ಮೂರನೆಯ ಸುತ್ತಿನ ಒಂದು ಆಯ್ಕೆಯನ್ನು, ಅಂದರೆ ಆ ಸುತ್ತಿನಲ್ಲಿ ಒಬ್ಬ ಹೊಸಬರನ್ನು ಆರಿಸಿಕೊಳ್ಳುವ ಸರದಿಯನ್ನು, ಪಡೆದು ಅವರನ್ನು ಲಾಸ್ ವೇಗಸ್ ರೈಡರ್ಸ್‌ಗೆ ಬಿಟ್ಟುಕೊಟ್ಟಿತು. ಅಲ್ಲಿ ಅವರ ಹಳೆಯ ಸಿಯಾಟಲ್ ಕೋಚ್ ಪೀಟ್ ಕ್ಯಾರಲ್ ಅವರೇ ಕಾಯುತ್ತಿದ್ದರು. ಇತ್ತ 27ರ ಡಾರ್ನಲ್ಡ್ ಹಿಂದಿನ ಋತುವಿನಲ್ಲಿ ಮಿನ್ನೆಸೋಟ ವೈಕಿಂಗ್ಸ್‌ಗೆ 17ರಲ್ಲಿ 14 ಪಂದ್ಯ ಗೆಲ್ಲಿಸಿಕೊಟ್ಟಿದ್ದರೂ, ಮಿನ್ನೆಸೋಟ 2024ರ ಡ್ರಾಫ್ಟ್‌ನಲ್ಲಿ ಹತ್ತನೆಯವರಾಗಿ ಆರಿಸಿ, ಮೊಣಕಾಲಿನ ಗಾಯದಿಂದ ಒಂದು ವರ್ಷ ಕೂರಿಸಿದ್ದ ಜೆ.ಜೆ. ಮೆಕಾರ್ಥಿ ಅವರಿಗೆ ಜಾಗ ಬಿಡಿಸಬೇಕಿತ್ತು. ಸಿಯಾಟಲ್ ಮೂರು ವರ್ಷಕ್ಕೆ 10 ಕೋಟಿ 5 ಲಕ್ಷ ಡಾಲರ್‌ಗೆ ಡಾರ್ನಲ್ಡ್ ಅವರನ್ನು ಒಪ್ಪಿಸಿತು. ಮೊದಲ ವರ್ಷದಲ್ಲೇ, 2026ರ ಫೆಬ್ರುವರಿಯಲ್ಲಿ, ಸೂಪರ್ ಬೌಲ್ ಕೂಡ ಬಂತು. ಅಳಿಯಂದಿರ ಬೇಸರ ಅಷ್ಟರಲ್ಲಿ ಕಳೆದಿರಬಹುದು.

ಪ್ರಶ್ನೆ: ರಸೆಲ್ ವಿಲ್ಸನ್ ಅವರಿಗೆ ಡೆನ್ವರ್ ತಂಡ ಸುಮಾರು 24 ಕೋಟಿ ಡಾಲರ್ ಒಪ್ಪಂದ ಕೊಟ್ಟು, ಎರಡೇ ಋತುಗಳಲ್ಲಿ ಕೈಬಿಟ್ಟಿತೆಂದು ಓದಿದೆ. ಸಹಿ ಮಾಡಿದ ಮೇಲೆ ಅಷ್ಟೂ ಹಣ ಕೊಡಲೇಬೇಕಲ್ಲವೇ? — ಮಂಡ್ಯದ ಓದುಗರೊಬ್ಬರು

ಉತ್ತರ: ಕೊಡಬೇಕಿಲ್ಲ. ಪತ್ರಿಕೆಗಳ ತಲೆಬರಹದಲ್ಲಿ ಬರುವ ಮೊತ್ತ ಬೇರೆ, ಗ್ಯಾರಂಟಿ ಇರುವ ಮೊತ್ತ ಬೇರೆ. ಗ್ಯಾರಂಟಿ ಇಲ್ಲದ ವರ್ಷಗಳ ಸಂಬಳವನ್ನು ತಂಡ ಯಾವ ಮಾರ್ಚ್‌ನಲ್ಲಾದರೂ ಅಳಿಸಿಹಾಕಬಹುದು. ಆದ್ದರಿಂದ ಈ ಒಪ್ಪಂದಗಳಲ್ಲಿ ನಾನು ಮೊದಲು ನೋಡುವುದು ಮೊತ್ತವನ್ನಲ್ಲ, ಯಾವ ಹಣ ಯಾವ ದಿನಾಂಕದಂದು ಗ್ಯಾರಂಟಿಯಾಗುತ್ತದೆ ಎಂಬುದನ್ನು.

ವಿಲ್ಸನ್ ಅವರ ಪ್ರಕರಣವನ್ನೇ ನೋಡಿ. 2022ರ ಮಾರ್ಚ್‌ನಲ್ಲಿ ಅವರನ್ನು ಪಡೆಯಲು ಡೆನ್ವರ್ ಬ್ರಾಂಕೋಸ್ ತಂಡ ಎರಡು ಮೊದಲ ಸುತ್ತಿನ ಮತ್ತು ಎರಡು ಎರಡನೆಯ ಸುತ್ತಿನ ಆಯ್ಕೆಗಳನ್ನೂ ಮೂವರು ಆಟಗಾರರನ್ನೂ ಸಿಯಾಟಲ್‌ಗೆ ತೆತ್ತಿತು. ಅವರು ಡೆನ್ವರ್ ಪರ ಒಂದೂ ಪಂದ್ಯ ಆಡುವ ಮೊದಲೇ, ಆ ಸೆಪ್ಟೆಂಬರ್‌ನಲ್ಲಿ, ಐದು ವರ್ಷಗಳ ವಿಸ್ತರಣೆಗೆ ಸಹಿ ಬಿತ್ತು. ಮೊದಲ ಋತು ಕೆಟ್ಟದಾಗಿತ್ತು, ಒಪ್ಪೋಣ. ಎರಡನೆಯದರಲ್ಲಿ 15 ಪಂದ್ಯಗಳಲ್ಲಿ 26 ಟಚ್‌ಡೌನ್ ಪಾಸ್‌ಗಳು (ಅಂಕ ತಂದ ಎಸೆತಗಳು), ಎದುರಾಳಿಗೆ ಸಿಕ್ಕ ಚೆಂಡುಗಳು ಎಂಟೇ. ಆದರೂ ಇನ್ನೆರಡು ಪಂದ್ಯ ಬಾಕಿಯಿದ್ದಾಗ ಅವರನ್ನು ಬೆಂಚಿಗೆ ಕಳುಹಿಸಲಾಯಿತು. ಕಾರಣ ಒಪ್ಪಂದದ ಒಳಗಿತ್ತು: 2024ರ ಲೀಗ್ ವರ್ಷದ ಐದನೆಯ ದಿನ ಅವರು ತಂಡದಲ್ಲಿದ್ದರೆ 2025ರ 3 ಕೋಟಿ 70 ಲಕ್ಷ ಡಾಲರ್ ಸಂಬಳ ಪೂರ್ತಿ ಗ್ಯಾರಂಟಿಯಾಗುತ್ತಿತ್ತು, ಉಳಿದ ಪಂದ್ಯಗಳಲ್ಲಿ ಗಂಭೀರ ಗಾಯವಾಗಿ ಮಾರ್ಚ್‌ನ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೂ ಆ ಹಣ ತಂಡದ ತಲೆಗೆ ಬರುತ್ತಿತ್ತು. ಆ ದಿನಾಂಕವನ್ನು ಮುಂದೂಡಲು ಒಪ್ಪದಿದ್ದರೆ ಆಡಿಸುವುದಿಲ್ಲವೆಂದು ತಂಡ ಋತುವಿನ ನಡುವೆಯೇ ತನಗೆ ಹೇಳಿತ್ತೆಂದು ವಿಲ್ಸನ್ ಬಹಿರಂಗವಾಗಿ ತಿಳಿಸಿದರು. ಮೈದಾನದ ತೀರ್ಮಾನದಂತೆ ಕಂಡದ್ದು ಲೆಕ್ಕದ ಕೋಣೆಯಿಂದ ಬಂದದ್ದಾಗಿತ್ತು.

ಹಾಗೆಂದು ಡೆನ್ವರ್ ಬಿಟ್ಟಿಯಾಗಿ ಪಾರಾಗಲಿಲ್ಲ. ಪ್ರತಿ ತಂಡಕ್ಕೂ ಆಟಗಾರರ ವೆಚ್ಚದ ಮಿತಿಯಿದೆ; 2024ರಲ್ಲಿ ಅದು 25 ಕೋಟಿ 54 ಲಕ್ಷ ಡಾಲರ್ ಇತ್ತು. ಸಹಿ ಮಾಡುವಾಗ ಕೊಡುವ ಬೋನಸ್ಸನ್ನು ತಂಡಗಳು ಕೈಗೆ ಕೊಟ್ಟುಬಿಟ್ಟರೂ, ಮಿತಿಯ ಲೆಕ್ಕದಲ್ಲಿ ಗರಿಷ್ಠ ಐದು ವರ್ಷಗಳಿಗೆ ಹರಡಿ ತೋರಿಸುತ್ತವೆ. ಆಟಗಾರರನ್ನು ನಡುವೆ ಬಿಟ್ಟರೆ, ಹರಡಿದ್ದ ಬಾಕಿಯೆಲ್ಲ ಒಮ್ಮೆಗೇ ಮಿತಿಯೊಳಗೆ ಬಂದು ಕೂರುತ್ತದೆ. ಇದನ್ನೇ ಅಲ್ಲಿ ‘ಡೆಡ್ ಮನಿ’ ಎನ್ನುತ್ತಾರೆ. ಜೂನ್ 1ರ ನಂತರದ ಬಿಡುಗಡೆ ಎಂದು ಗುರುತಿಸಿದರೆ ಎರಡು ವರ್ಷಗಳಿಗೆ ಹಂಚಿಕೊಳ್ಳಬಹುದು. ಡೆನ್ವರ್ ಹಾಗೆ ಮಾಡಿಯೂ, ತನ್ನ ತಂಡದಲ್ಲಿಲ್ಲದ ಆಟಗಾರರೊಬ್ಬರ ಹೆಸರಿನಲ್ಲಿ ಎರಡು ವರ್ಷ ಸೇರಿ ಸುಮಾರು 8 ಕೋಟಿ 50 ಲಕ್ಷ ಡಾಲರ್ ಹೊತ್ತಿತು. ಅದು ಆಗ ದಾಖಲೆ.

ಇನ್ನೊಂದು ಸೊಗಸು ಕೇಳಿ. 2024ರಲ್ಲಿ ವಿಲ್ಸನ್ ಅವರಿಗೆ 3 ಕೋಟಿ 90 ಲಕ್ಷ ಡಾಲರ್ ಗ್ಯಾರಂಟಿ ಇದ್ದೇ ಇತ್ತು, ಬೇರೆ ತಂಡ ಎಷ್ಟು ಕೊಡುತ್ತದೋ ಅಷ್ಟು ಡೆನ್ವರ್‌ನ ಪಾಲಿನಿಂದ ಕಡಿತವಾಗುವ ಕರಾರಿನೊಂದಿಗೆ. ಹೆಚ್ಚು ಕೇಳಿದರೆ ಲಾಭವಾಗುವುದು ತನ್ನನ್ನು ಹೊರಹಾಕಿದ ತಂಡಕ್ಕೇ. ಅವರು ಪಿಟ್ಸ್‌ಬರ್ಗ್ ಸ್ಟೀಲರ್ಸ್ ಜೊತೆ ಹಿರಿಯ ಆಟಗಾರರ ಕನಿಷ್ಠ ಸಂಬಳವಾದ 12 ಲಕ್ಷ 10 ಸಾವಿರ ಡಾಲರ್‌ಗೆ ಸಹಿ ಮಾಡಿದರು, ಉಳಿದದ್ದನ್ನು ಡೆನ್ವರ್ ತೆತ್ತಿತು.

ಪ್ರಶ್ನೆ: ಫ್ರ್ಯಾಂಚೈಸ್ ಟ್ಯಾಗ್ ಎಂಬುದು ಆಟಗಾರರ ಕಾಲಿಗೆ ಕಟ್ಟುವ ಹಗ್ಗವೆಂದು ನಾನು ತಿಳಿದಿದ್ದೆ. ಕರ್ಕ್ ಕಸಿನ್ಸ್ ಅದರಿಂದಲೇ ಶ್ರೀಮಂತರಾದರೆಂದು ಇಲ್ಲಿನ ಗೆಳೆಯರು ಹೇಳುತ್ತಾರೆ. ಯಾವುದು ನಿಜ? — ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು

ಉತ್ತರ: ಎರಡೂ ನಿಜ. ಒಪ್ಪಂದ ಮುಗಿದು ಹೊರಡಲಿರುವ ಒಬ್ಬ ಆಟಗಾರರನ್ನು, ಮಾರ್ಚ್‌ನಲ್ಲಿ ಲೀಗ್‌ನ ಹೊಸ ವರ್ಷ ಆರಂಭವಾಗುವ ಮೊದಲು ಟ್ಯಾಗ್ ಹಾಕಿ, ತಂಡ ಇನ್ನೊಂದು ವರ್ಷ ಉಳಿಸಿಕೊಳ್ಳಬಹುದು. ಸಂಬಳವನ್ನು ಆ ಸ್ಥಾನದಲ್ಲಿ ಅತಿ ಹೆಚ್ಚು ಪಡೆಯುವ ಐವರ ಲೆಕ್ಕದ ಸರಾಸರಿಯ ಮೇಲೆ ಕಟ್ಟುತ್ತಾರೆ. ಮರುವರ್ಷವೂ ಹಾಕಿದರೆ ಹಿಂದಿನದರ ಶೇ 120, ಮೂರನೆಯ ಸಲ ಕ್ವಾರ್ಟರ್‌ಬ್ಯಾಕ್‌ಗೆ ಶೇ 144. ಸಾಮಾನ್ಯ ಆಟಗಾರರಿಗೆ ಇದು ಕಟ್ಟೇ ಸರಿ: ಒಂದು ಗಾಯವಾದರೆ ಮುಂದಿನ ವರ್ಷಗಳಿಗೆ ಯಾವ ಭದ್ರತೆಯೂ ಇಲ್ಲ.

ಕಸಿನ್ಸ್ ಈ ಲೆಕ್ಕವನ್ನು ತಿರುಗಿಸಿದರು. 2012ರಲ್ಲಿ ವಾಷಿಂಗ್ಟನ್ ತಂಡ ಎರಡನೆಯ ಆಯ್ಕೆಯಾಗಿ ರಾಬರ್ಟ್ ಗ್ರಿಫಿನ್ ಅವರನ್ನು ತೆಗೆದುಕೊಂಡು, ಅದೇ ಡ್ರಾಫ್ಟ್‌ನ ನಾಲ್ಕನೆಯ ಸುತ್ತಿನಲ್ಲಿ ಕಸಿನ್ಸ್ ಅವರನ್ನು ಮೀಸಲಿಗೆ ಆರಿಸಿತ್ತು. ಗ್ರಿಫಿನ್ ಗಾಯಗಳಿಂದ ಹಿಂದೆ ಬಿದ್ದು 2015ರಲ್ಲಿ ಜಾಗ ಇವರದಾಯಿತು. ತಂಡಕ್ಕೆ ಇವರ ಮೇಲೆ ಅರೆಮನಸ್ಸು. ದೀರ್ಘ ಒಪ್ಪಂದ ಕೊಡದೆ 2016ರಲ್ಲಿ ಟ್ಯಾಗ್ ಹಾಕಿ ಸುಮಾರು 2 ಕೋಟಿ ಡಾಲರ್, 2017ರಲ್ಲಿ ಮತ್ತೆ ಹಾಕಿ ಸುಮಾರು 2 ಕೋಟಿ 40 ಲಕ್ಷ ಕೊಟ್ಟಿತು. ಮೂರನೆಯ ಟ್ಯಾಗ್‌ನ ಬೆಲೆ ತಡೆಯಲಾಗದಷ್ಟು ಏರಿದ್ದರಿಂದ 2018ರಲ್ಲಿ ಅವರು ಸ್ವತಂತ್ರರಾದರು. ಮಿನ್ನೆಸೋಟ ಮೂರು ವರ್ಷಕ್ಕೆ 8 ಕೋಟಿ 40 ಲಕ್ಷ ಡಾಲರ್ ಕೊಟ್ಟಿತು, ಪೂರ್ತಿ ಗ್ಯಾರಂಟಿಯೊಂದಿಗೆ. ಇದಕ್ಕಿಂತ ದೊಡ್ಡ ಮೊತ್ತದ ಒಪ್ಪಂದಗಳು ಇತರರಿಗೆ ಸಿಕ್ಕಿದ್ದವು. ಇಂಥ ಬಿಗಿ ಕರಾರು ಯಾವ ಕ್ವಾರ್ಟರ್‌ಬ್ಯಾಕ್‌ಗೂ ಅದುವರೆಗೆ ಸಿಕ್ಕಿರಲಿಲ್ಲ.

ಇಷ್ಟು ಜಾಣತನವಿದ್ದರೂ ಮುಂದಿನ ತಿರುವು ಅವರ ಕೈಯಲ್ಲಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. 2024ರ ಮಾರ್ಚ್‌ನಲ್ಲಿ, 35ನೆಯ ವಯಸ್ಸಿನಲ್ಲಿ, ಗಾಯ ಇನ್ನೂ ಪೂರ್ತಿ ಮಾಗದಿರುವಾಗಲೇ, ಅಟ್ಲಾಂಟಾ ಫಾಲ್ಕನ್ಸ್ ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು, ಅದರಲ್ಲಿ 10 ಕೋಟಿ ಗ್ಯಾರಂಟಿ. ಮಾತುಕತೆಗೆ ಅನುಮತಿಯಿರುವ ಅವಧಿಗೆ ಮುನ್ನವೇ ಅವರೊಂದಿಗೆ ಸಂಪರ್ಕ ಬೆಳೆಸಿದ್ದಕ್ಕೆ ಲೀಗ್ ಆ ತಂಡಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿ, ಐದನೆಯ ಸುತ್ತಿನ ಒಂದು ಆಯ್ಕೆಯನ್ನೂ ಕಿತ್ತುಕೊಂಡಿತು. ಅಷ್ಟು ಆತುರಪಟ್ಟು ಕರೆತಂದವರು, ಆರೇ ವಾರಗಳ ನಂತರದ ಡ್ರಾಫ್ಟ್‌ನಲ್ಲಿ ಎಂಟನೆಯವರಾಗಿ ಮೈಕೆಲ್ ಪೆನಿಕ್ಸ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿಕೊಂಡರು! ಡಿಸೆಂಬರ್ ಹೊತ್ತಿಗೆ ಕಸಿನ್ಸ್ ಬೆಂಚಿನಲ್ಲಿದ್ದರು. 2025ರ ಮಾರ್ಚ್‌ನಲ್ಲಿ ಬಿಡುಗಡೆಯಾಗಬಹುದೆಂದು ಎಲ್ಲರೂ ಕಾದರೆ, ತಂಡ ಅವರಿಗೆ ಸಲ್ಲಬೇಕಾದ 1 ಕೋಟಿ ಡಾಲರ್ ಬೋನಸ್ ಕೊಟ್ಟು ಮೀಸಲು ಆಟಗಾರರನ್ನಾಗಿ ಉಳಿಸಿಕೊಂಡಿತು. ಆ ನವೆಂಬರ್‌ನಲ್ಲಿ ಪೆನಿಕ್ಸ್ ಮೊಣಕಾಲಿಗೆ ಪೆಟ್ಟಾದಾಗ ಮತ್ತೆ ಮೈದಾನಕ್ಕಿಳಿದವರು ಇದೇ ಕಸಿನ್ಸ್. ಅವರ ಆಟದ ಬಗ್ಗೆ ನನಗೆ ಅಂಥ ಮೋಹವೇನೂ ಇಲ್ಲ. ಆದರೆ ಕರಾರುಪತ್ರವನ್ನು ಓದಿಕೊಂಡು ಬಾಳಿದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅವರಿಗೆ ಸಮನಾದವರು ನನಗೆ ಕಾಣುತ್ತಿಲ್ಲ.

ಪ್ರಶ್ನೆ: ಹಿರಿಯ ಕ್ವಾರ್ಟರ್‌ಬ್ಯಾಕ್‌ಗಳು ನಿವೃತ್ತಿ ಹೇಳಿ ಮತ್ತೆ ಬರುವುದು, ತಂಡಗಳನ್ನು ತಿಂಗಳುಗಟ್ಟಲೆ ಕಾಯಿಸುವುದು ಸರಿಯೇ? — ಮೈಸೂರಿನ ಓದುಗರೊಬ್ಬರು

ಉತ್ತರ: ಟಾಮ್ ಬ್ರಾಡಿ 2022ರ ಫೆಬ್ರುವರಿ 1ರಂದು ನಿವೃತ್ತರಾಗಿ 40 ದಿನಗಳಲ್ಲಿ ಹಿಂದಿರುಗಿದರು, ಸರಿಯಾಗಿ ಒಂದು ವರ್ಷಕ್ಕೆ ಮತ್ತೆ ವಿದಾಯ ಹೇಳಿದರು. ಬ್ರೆಟ್ ಫಾರ್ವ್ 2008ರಲ್ಲೂ 2009ರಲ್ಲೂ ಹೀಗೆಯೇ ಮಾಡಿದ್ದರು. 2025ರಲ್ಲಿ ನ್ಯೂಯಾರ್ಕ್ ಜೆಟ್ಸ್ ಬಿಟ್ಟುಕೊಟ್ಟ ಆರನ್ ರಾಜರ್ಸ್, 41ರ ವಯಸ್ಸಿನಲ್ಲಿ, ಪಿಟ್ಸ್‌ಬರ್ಗ್‌ಗೆ ಉತ್ತರ ಕೊಟ್ಟದ್ದು ಜೂನ್‌ನಲ್ಲಿ. ಅಷ್ಟು ಹೊತ್ತು ಕಾಯಲು ಆ ತಂಡಕ್ಕೂ ಕಾರಣವಿತ್ತು: ಹಿಂದಿನ ವರ್ಷ ಆಡಿದ್ದ ವಿಲ್ಸನ್, ಜಸ್ಟಿನ್ ಫೀಲ್ಡ್ಸ್ ಇಬ್ಬರೂ ಮಾರ್ಚ್‌ನಲ್ಲೇ ಹೊರಟುಹೋಗಿದ್ದರು. ಕಾಯಿಸುವ ಶಕ್ತಿ ಇರುವುದು ಮೂರೋ ನಾಲ್ಕೋ ಜನರಿಗೆ, ಅವರನ್ನು ನಾನು ದೂರುವುದಿಲ್ಲ. ತಂಡಗಳೂ ದಾಕ್ಷಿಣ್ಯ ತೋರಿಸುವುದಿಲ್ಲ. ಇಂಡಿಯಾನಾಪೊಲಿಸ್‌ಗೆ ಹದಿಮೂರು ಋತುಗಳ ಕಾಲ ಆಡಿದ್ದ ಪೇಟನ್ ಮ್ಯಾನಿಂಗ್ ಕತ್ತಿನ ಶಸ್ತ್ರಚಿಕಿತ್ಸೆಗಳಿಂದ ಒಂದು ವರ್ಷ ಹೊರಗುಳಿದಾಗ, 2 ಕೋಟಿ 80 ಲಕ್ಷ ಡಾಲರ್ ಬೋನಸ್ಸಿನ ದಿನ ಬರುವುದರೊಳಗೆ, 2012ರ ಮಾರ್ಚ್ 7ರಂದು, ಅವರನ್ನು ಬಿಡುಗಡೆ ಮಾಡಲಾಯಿತು. ಅವರು ಡೆನ್ವರ್‌ಗೆ ಹೋಗಿ ಇನ್ನೊಂದು ಸೂಪರ್ ಬೌಲ್ ಗೆದ್ದರು.

ಪ್ರಶ್ನೆ: ಯಾರೂ ಕರೆಯದಿದ್ದವರ ಪಾಡೇನು? — ಉಡುಪಿಯ ಓದುಗರೊಬ್ಬರು

ಉತ್ತರ: ಕೆಲವರು ಕಾದು ಗೆಲ್ಲುತ್ತಾರೆ. ಜೀನೋ ಸ್ಮಿತ್ 2015ರಲ್ಲಿ ಸಹ ಆಟಗಾರನ ಹೊಡೆತಕ್ಕೆ ದವಡೆ ಮುರಿದುಕೊಂಡು ಜೆಟ್ಸ್‌ನಲ್ಲಿ ಜಾಗ ಕಳೆದುಕೊಂಡ ಮೇಲೆ ಏಳು ಋತುಗಳ ಬಹುಪಾಲನ್ನು ಬೆಂಚಿನಲ್ಲಿ ಕಳೆದಿದ್ದರು; 2022ರಲ್ಲಿ ವಿಲ್ಸನ್ ಡೆನ್ವರ್‌ಗೆ ಹೋದದ್ದರಿಂದಲೇ ಸಿಯಾಟಲ್‌ನಲ್ಲಿ ಅವರಿಗೆ ದಾರಿಯಾಯಿತು. 2018ರ ಮೊದಲ ಆಯ್ಕೆಯಾಗಿದ್ದ ಬೇಕರ್ ಮೇಫೀಲ್ಡ್ ಅವರನ್ನು 2022ರ ಡಿಸೆಂಬರ್‌ನಲ್ಲಿ ಕ್ಯಾರೊಲಿನಾ ಬಿಟ್ಟುಕೊಟ್ಟಿತ್ತು. ಮರುವರ್ಷ ಟಾಂಪಾದಲ್ಲಿ ಒಂದು ವರ್ಷದ ಅಗ್ಗದ ಒಪ್ಪಂದಕ್ಕೆ ಆಡಿ, 2024ರ ಮಾರ್ಚ್‌ನಲ್ಲಿ ಅದೇ ತಂಡದಿಂದ ಮೂರು ವರ್ಷಕ್ಕೆ 10 ಕೋಟಿ ಡಾಲರ್ ಪಡೆದರು. ಜಾಶ್ ಜಾನ್ಸನ್ ಅವರದು ಇನ್ನೊಂದು ಬಗೆ. 2008ರಲ್ಲಿ ಡ್ರಾಫ್ಟ್ ಆದ ಅವರು 14 ಎನ್‌ಎಫ್‌ಎಲ್ ತಂಡಗಳ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿದ್ದಾರೆ, ಬಹುತೇಕ ಎಲ್ಲೆಡೆ ಮೀಸಲಾಗಿಯೇ.

ಆಟದ ಕಾರಣಕ್ಕಲ್ಲದೆ ಹೊರಗುಳಿದವರೂ ಇದ್ದಾರೆ. 2016ರಲ್ಲಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿ ವರ್ಣಭೇದವನ್ನು ಪ್ರತಿಭಟಿಸಿದ ಕಾಲಿನ್ ಕೆಪರ್ನಿಕ್, 2017ರ ಮಾರ್ಚ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಒಪ್ಪಂದದಿಂದ ಹೊರಬಂದರು. ಆಗ ಅವರಿಗೆ 29 ವರ್ಷ. ಅವರಿಗಿಂತ ಕಡಿಮೆ ಸಾಧಿಸಿದ ಎಷ್ಟೋ ಮಂದಿಗೆ ಕರೆ ಬಂತು, ಅವರಿಗೆ ಬರಲಿಲ್ಲ. ತಂಡಗಳು ಒಳಗೊಳಗೇ ಕೂಡಿ ತನ್ನನ್ನು ದೂರವಿಟ್ಟಿವೆ ಎಂಬ ಅವರ ದೂರು 2019ರ ಫೆಬ್ರುವರಿಯಲ್ಲಿ ಲೀಗ್‌ನೊಂದಿಗಿನ ರಾಜಿಯಲ್ಲಿ ಮುಗಿಯಿತು.

ಪ್ರಶ್ನೆ: ಐಪಿಎಲ್ ಮಾದರಿಯ ಹರಾಜು ಅಲ್ಲಿ ಏಕಿಲ್ಲ? — ಬೆಂಗಳೂರಿನ ಓದುಗರೊಬ್ಬರು

ಉತ್ತರ: ಅಲ್ಲಿ ಒಪ್ಪಂದ ಮುಗಿದ ಆಟಗಾರರಿಗೆ ತಂಡವನ್ನು ಆರಿಸಿಕೊಳ್ಳುವ ಹಕ್ಕಿದೆ; ಹಣ ಕಡಿಮೆಯಾದರೂ ಒಳ್ಳೆಯ ಕೋಚ್ ಇರುವ ಕಡೆ ಹೋಗಬಹುದು. ಐಪಿಎಲ್ ಹರಾಜಿಗೆ ಹೆಸರು ಕೊಟ್ಟವರು ಕೂಗಿದವರ ಪಾಲಾಗುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಆಯ್ಕೆಯ ಮಾತೇ ಇಲ್ಲದವರು ಕಾಲೇಜಿನಿಂದ ಬರುವ ಹೊಸಬರು: ಡ್ರಾಫ್ಟ್‌ನಲ್ಲಿ ಯಾವ ತಂಡ ಹೆಸರು ಕರೆಯಿತೋ ಅಲ್ಲಿಯೇ ನಾಲ್ಕು ವರ್ಷ, ಮೊದಲ ಸುತ್ತಿನವರಾದರೆ ತಂಡ ಬಯಸಿದಲ್ಲಿ ಐದನೆಯದೂ.