ದೊಡ್ಡ ಸೈಕ್ಲೋನ್ ಬೇಡ, ಮೊದಲು ಅದರ ಬುಡ ನೋಡಿ

ಪ್ರಶ್ನೆ: ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಫರ್ನಿಚರ್ ಶೆಡ್ ಇದೆ. ಮರ ಹೆರೆಯುವ ಪ್ಲೇನರ್, ಉಜ್ಜಿ ನುಣುಪು ಮಾಡುವ ಸ್ಯಾಂಡರ್‌ಗಳ ಮರದ ಹುಡಿ ಎಳೆಯಲು, ಗಾಳಿಯನ್ನು ಸುತ್ತಿಸಿ ಹುಡಿ ಬೇರ್ಪಡಿಸುವ ಸೈಕ್ಲೋನ್ ಯಂತ್ರ ಹಾಕಿಸಿದ್ದೇನೆ. ಫ್ಯಾನ್ ಅದರ ಮೇಲ್ಗಡೆ ಇದೆ, ಕೆಳಗೆ ಪ್ಲಾಸ್ಟಿಕ್ ಗೋಣಿ ಕಟ್ಟಿದ್ದೇವೆ. ಆದರೂ ಹುಡಿ ಹೊರಗೆ ಹಾರಿ ಪಕ್ಕದ ಮನೆಯವರು ಅಂಗಳದಲ್ಲಿ ಹರಡಿದ ಅಡಿಕೆ ಮೇಲೆ ಕೂರುತ್ತದೆ. ದಿನಾ ಮಾತು ಕೇಳಬೇಕು. ಇದಕ್ಕಿಂತ ದೊಡ್ಡ ಸೈಕ್ಲೋನ್ ಹಾಕಿದರೆ ಸರಿಯಾದೀತಾ?

ಉತ್ತರ: ಸುಮ್ನೆ ದುಡ್ಡು ಹಾಕಬೇಡಿ. ಹುಡಿ ಇನ್ನೂ ಜಾಸ್ತಿ ಹಾರಬಹುದು.

ಪೆರ್ಲದ ಬಸ್ಸು ತಿರುವಿನಲ್ಲಿ ರಭಸದಿಂದ ತಿರುಗಿದಾಗ ನಿಂತವರು ಹೊರಬದಿಗೆ ವಾಲುತ್ತಾರೆ, ಅಲ್ವಾ? ಸೈಕ್ಲೋನಿನಲ್ಲಿ ಹುಡಿಗೆ ಆಗುವುದೂ ಅದೇ. ಗಾಳಿ ಬದಿಯಿಂದ ನುಗ್ಗಿ, ಗೋಡೆಗುಂಟ ಸುತ್ತುತ್ತಾ ಇಳಿಯುತ್ತದೆ. ಭಾರದ ಹುಡಿ ಗೋಡೆಗೆ ಬಡಿದು ಜಾರಿ ಬೀಳುತ್ತದೆ. ಗಾಳಿ ಮಾತ್ರ ನಡುವಿನಿಂದ ಸುತ್ತಿಕೊಂಡೇ ಮೇಲೇರಿ ಹೊರಗೆ ಹೋಗುತ್ತದೆ. 60 ಸೆಂ.ಮೀ. ಅಗಲದ ಸೈಕ್ಲೋನಿನಲ್ಲಿ ಗಾಳಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸುತ್ತಿದರೆ, ಹುಡಿಯನ್ನು ಹೊರಕ್ಕೆ ತಳ್ಳುವ ಬಲ ಅದರ ತೂಕದ ಸುಮಾರು 75 ಪಟ್ಟು. ಅಗಲ ಎರಡು ಪಟ್ಟಾದರೆ ಈ ಬಲ ಅರ್ಧಕ್ಕಿಳಿಯುತ್ತದೆ. ಫ್ಯಾನ್ ಹಳೆಯದೇ ಇದ್ದರೆ ವೇಗವೂ ತಗ್ಗುತ್ತದೆ. ವೇಗ ಅರ್ಧವಾದರೆ ಬಲ ಕಾಲು ಭಾಗ! ದೊಡ್ಡ ಕಾರ್ಖಾನೆಗಳಲ್ಲಿ ಒಂದೇ ದೈತ್ಯನ ಬದಲು ಸಣ್ಣ ಸಣ್ಣ ಸೈಕ್ಲೋನುಗಳನ್ನು ಸಾಲಾಗಿ ಇಡುವುದು ಇದಕ್ಕೇ.

ನನ್ನ ಅನುಮಾನ ಇರುವುದು ನಿಮ್ಮ ಗೋಣಿ ಮೇಲೆ. ಫ್ಯಾನ್ ಮೇಲಿನಿಂದ ಎಳೆಯುತ್ತಿರುವಾಗ ಸೈಕ್ಲೋನಿನ ಬುಡದಲ್ಲೂ ಎಳೆತ ಇರುತ್ತದೆ. ಗೋಣಿಯ ನೇಯ್ಗೆಯಲ್ಲಿ, ಕಟ್ಟಿದ ಹಗ್ಗದ ಸಂದಿಯಲ್ಲಿ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಬಿದ್ದ ಹುಡಿಯನ್ನೇ ಎತ್ತಿಕೊಂಡು ಮೇಲೆ ಒಯ್ಯುತ್ತದೆ. ಫ್ಯಾನ್ ಹಾಕಿದಾಗ ಗೋಣಿ ಒಳಕ್ಕೆ ಚಪ್ಪಟೆಯಾಗುತ್ತದಾ ನೋಡಿ. ಸಂದಿಯ ಬಳಿ ತೆಳು ಕಾಗದದ ಚೂರು ಹಿಡಿಯಿರಿ. ಒಳಕ್ಕೆ ಎಳೆದರೆ ಅಲ್ಲೇ ಸೋರಿಕೆ. ಕೆಲವರು ಊದುಬತ್ತಿ ಹಿಡಿದು ನೋಡುತ್ತಾರೆ. ಮರದ ಹುಡಿ ಇರುವಲ್ಲಿ ಆ ಸಾಹಸ ಬೇಡವೇ ಬೇಡ.

ಗೋಣಿ ತೆಗೆದು ಗಟ್ಟಿ ತಗಡಿನ ಡ್ರಮ್ ಇಡಿ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಹಾಕಿ ಕ್ಲಿಪ್ಪಿನಿಂದ ಬಿಗಿಯಿರಿ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ, ಅದೂ ಫ್ಯಾನ್ ಆರಿಸಿದ ಮೇಲೆ.

ಆಮೇಲೆ ಒಂದು ದಿನ ಪ್ಲೇನರ್ ಮಾತ್ರ ಓಡಿಸಿ, ಮರುದಿನ ಸ್ಯಾಂಡರ್. ಪ್ಲೇನರ್ ದಿನ ಅಡಿಕೆ ಸ್ವಚ್ಛವಾಗಿದ್ದು, ಸ್ಯಾಂಡರ್ ದಿನ ಹುಡಿ ಕೂತರೆ ಸೋರಿಕೆ ನಿಂತಿದೆ ಎಂದರ್ಥ. ಉಳಿದದ್ದು ಸ್ಯಾಂಡರಿನ ನುಣ್ಣನೆಯ ಹುಡಿ. ನಮ್ಮ ಕೂದಲು ಸುಮಾರು 70 ಮೈಕ್ರಾನ್ ದಪ್ಪ. 10 ಮೈಕ್ರಾನಿಗಿಂತ ಸಣ್ಣ ಹುಡಿಯನ್ನು ಹಿಡಿಯಲು ಸಾಮಾನ್ಯ ಸೈಕ್ಲೋನ್ ಒದ್ದಾಡುತ್ತದೆ. ಅದಕ್ಕೆ ಫ್ಯಾನಿನ ನಂತರ ಬಟ್ಟೆಯ ಬ್ಯಾಗ್ ಫಿಲ್ಟರ್ ಬೇಕು. ಶ್ವಾಸಕೋಶದ ಒಳಗೆ ಇಳಿಯುವುದೂ ಈ ಹುಡಿಯೇ. ಹಾಗಾಗಿ ಫಿಲ್ಟರ್ ಬರುವ ತನಕ ಸ್ಯಾಂಡರ್ ಹಿಡಿಯುವ ಹುಡುಗನಿಗೆ ಒಂದು ಒಳ್ಳೆಯ ಮಾಸ್ಕ್ ಕೊಡಿಸಿ.